ಅಂಕಿತ

ಮಸ್ಕಿಯ ಬಂಡೆಗೆ ಸದನ ಇರಲಿಲ್ಲ.
ರಾಜ ಹೇಳಿದ, ಉಳಿ ಬರೆಯಿತು,
ತಿದ್ದುಪಡಿಗೆಂದು ಯಾರೂ ಕೈ ಎತ್ತಲಿಲ್ಲ.
ಗುಡ್ಡ ಇಂದಿಗೂ ಅದನ್ನು ಹೊತ್ತುಕೊಂಡೇ ಕೂತಿದೆ.

ನಮ್ಮ ಹತ್ತನೇ ಕ್ಲಾಸಿನ ಮಸೂದೆಗೆ
ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಸಾಕಾಯಿತು:
‘ಶಾಲೆಯ ಗಂಟೆಯನ್ನು ಹೆಣ್ಣುಮಕ್ಕಳೂ ಬಾರಿಸತಕ್ಕದ್ದು.’
ಕೆಳಮನೆ ಬೇವಿನ ನೆರಳಲ್ಲಿ, ಮೇಲ್ಮನೆ ಸೈಕಲ್ ಸ್ಟ್ಯಾಂಡಿನಲ್ಲಿ.
ಅಮರೇಗೌಡ ತಿದ್ದುಪಡಿ ತಂದ: ‘ಶನಿವಾರ ಬಿಟ್ಟು’.
ಬಿದ್ದುಹೋಯಿತು.
ಹೌದೆನ್ನುವವರ ಕೂಗಿಗೆ
ಬಿಸಿಯೂಟದ ಖಾಜಾಬೀ ಸೌಟು ಹಿಡಿದೇ ಹೊರಗೆ ಬಂದಳು.

ರಾಷ್ಟ್ರಪತಿ ಹುಲಿಗೆಮ್ಮ,
ಕಡೇ ಬೆಂಚು, ಮೋಟು ಪೆನ್ಸಿಲು.
ಓದಿದಳು. ವಾಪಸು ಕಳಿಸಿದಳು, ಬೆನ್ನಿಗೆ ಒಂದೇ ಸಾಲು:
‘ಕೈ ನಿಲುಕದವರು ಏನು ಮಾಡಬೇಕು?’
ಸದನ ನಕ್ಕಿತು. ಒಂದಕ್ಷರ ಕದಲಿಸದೆ
ಮತ್ತೆ ಪಾಸು ಮಾಡಿತು.

‘ಇನ್ನ ನೀ ಸಹಿ ಹಾಕಲೇಬೇಕವ್ವ’ ಅಂದೆ.
‘ಹಾಕ್ತೀನ್ರಿ ಸರ. ಯಾವತ್ತು ಅಂತ ಬರದಾರೇನ್ರಿ?’

ಪುಸ್ತಕ ತೆರೆದೆ. ಪುಟ ತಿರುವಿದೆ.
ಇಪ್ಪತ್ತೆರಡು ವರ್ಷ ಪಾಠ ಮಾಡಿದ ಕಲಮು,
ಅದರಲ್ಲಿ ತಾರೀಖು ಇಲ್ಲ ಅನ್ನುವುದು
ಗೊತ್ತಿತ್ತು; ಕಂಡಿರಲಿಲ್ಲ.

ಅವಳು ಹಾಳೆ ಮಡಚಿ
ಕಂಪಾಸ್ ಡಬ್ಬಿಯಲ್ಲಿ, ಕೋನಮಾಪಕದ ಕೆಳಗೆ ಇಟ್ಟಳು. ಟಕ್.

ನಮ್ಮ ಕಡೆ ಅಂಕಿತ ಅಂದರೆ
ದಾಸರಿಗೆ ಗುರು ಕೊಡುವ ಹೆಸರು.
ಅದು ಸಿಗುವತನಕ ಹಾಡು ಯಾರದೂ ಅಲ್ಲ,
ಹಾಗಂತ ತಂಬೂರಿ ಕೆಳಗಿಟ್ಟವರನ್ನು ನಾನು ಕೇಳಿಲ್ಲ.

ಸೋಮವಾರ ನೋಡುತ್ತೇನೆ:
ಗಂಟೆಯ ರೈಲುಕಂಬಿ ಒಂದು ಗೇಣು ಕೆಳಗಿಳಿದಿದೆ,
ಹಗ್ಗಕ್ಕೆ ಹೊಸ ಗಂಟು.
ಯಾರು ಎಂದು ಜವಾನ ಹೇಳಲಿಲ್ಲ.
ಡಬ್ಬಿ ಇನ್ನೂ ಮುಚ್ಚಿಯೇ ಇದೆ.