ಎರಡಿಂಚು ಒಳಗೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಸೊಪ್ಪಿನ ಸಾಲು ಮುಗಿಯುವಲ್ಲಿ
ಮೂರು ಮೆಟ್ಟಿಲು ಇಳಿದರೆ ನನ್ನ ಅಂಗಡಿ.
ಅಪ್ಪನ ಕಾಲದ ಬೋರ್ಡು: ವಿಠೋಬರಾವ್ ಅಂಡ್ ಸನ್ಸ್.
ಸನ್ಸ್ ಯಾರೂ ಇರಲಿಲ್ಲ. ನಾನಿದ್ದೆ.

ಆಷಾಢ, ಮದುವೆಯಿಲ್ಲದ ತಿಂಗಳು,
ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದೆ.
ಲೆಸ್ಟರಿನಿಂದ ಫೋನು.
ಎಂಟು ರವಿಕೆ ಬೇಕಂತೆ, ದೀಪಾವಳಿಗೆ.
ಅಂಗೈಯಗಲದ ಗಾಜಿನೊಳಗೆ ಎಂಟು ಮುಖ ತುರುಕಿಕೊಂಡು:
ನೈರೋಬಿಯಲ್ಲಿ ಹುಟ್ಟಿದ ಗುಜರಾತಿ ಮುದುಕ,
ಗಡ್ಡ ಇಟ್ಟುಕೊಂಡೇ ಕುಣಿಯುತ್ತೇನೆನ್ನುವ ಸಿಲ್ಹೆಟ್ಟಿನವನು,
ಜಾಫ್ನಾದ ಇಬ್ಬರು ಹೆಂಗಸರು.
ಅಕ್ಕತಂಗಿಯರಾ ಅಂದೆ.
'ಅಲ್ಲ ಆಂಟಿ, ಜೋಡಿ.'
ನಾಲಿಗೆ ಕಚ್ಚಿಕೊಂಡೆ, ಅವರೇ ನಕ್ಕು ಬಿಡಿಸಿದರು.
ನಡುವೆ ನೀಲಿ,
ಅರಸೀಕೆರೆ ಬಸವಲಿಂಗಪ್ಪನವರ ಮೊಮ್ಮಗು.
ಮೊಮ್ಮಗನೋ ಮೊಮ್ಮಗಳೋ ಎಂದು ಕೇಳಲಿಲ್ಲ.
ಮೊಮ್ಮಗು ಎನ್ನುವ ಮಾತು
ನಮ್ಮಲ್ಲಿ ಮೊದಲಿಂದ ಇದೆಯಲ್ಲ.

ಮುಚ್ಚಿದ ಕಾಲುಚೀಲದ ಫ್ಯಾಕ್ಟರಿಯ ಮೇಲಂತಸ್ತು ಬಾಡಿಗೆಗೆ ಹಿಡಿದಿದ್ದಾರೆ.
ಗುರುವಾರ ಗುರುವಾರ ಅಲ್ಲಿ ಮೊದಲು ಅಡುಗೆ, ಆಮೇಲೆ ತಾಳ.
ಮೂಡಲಪಾಯ ನೀಲಿಗೆ ಎಷ್ಟು ಗೊತ್ತೋ.
ಅಜ್ಜನ ದನಿಯ ಒಂದು ಕ್ಯಾಸೆಟ್ಟು ಗೊತ್ತು,
ಮಿಕ್ಕದ್ದು ಕಟ್ಟಿಕೊಂಡದ್ದು.
ಮನೆಗಳಲ್ಲಿ ಕರೆಯದೆ ಬಿಟ್ಟ ಹಬ್ಬಗಳನ್ನೆಲ್ಲ
ಅಲ್ಲೇ ಮಾಡಿಕೊಳ್ಳುತ್ತಾರಂತೆ, ತಡವಾಗಿ,
ಹಾಲ್ ಖಾಲಿ ಸಿಕ್ಕ ದಿನ.

ಅಳತೆ ಬರೆದುಕೊಂಡೆ. ಭುಜ ಹದಿನೇಳು.
ಈ ಭುಜ ನನಗೇನು ಹೊಸದೇ,
ಮಂಡಿಯಲ್ಲಿ ಆಲೂಗಡ್ಡೆ ಚೀಲ ಹೊರುವವರಿಗೂ ಹೊಲಿದಿದ್ದೇನೆ.

ಕೊನೆಗೆ ನೀಲಿ ದನಿ ಇಳಿಸಿ, ಒಡಕು ಕನ್ನಡದಲ್ಲಿ:
'ಆಂಟಿ, ಎದೆ ಹತ್ರ ಒಳಗೆ ಬಟ್ಟೆ ಬಿಡಿ.
ಮಾತ್ರೆ ಶುರು ಮಾಡಿದೀನಿ. ಮುಂದಿನ ವರ್ಷಕ್ಕೆ ಬೆಳೀತೀನಿ.'

ಮೂವತ್ತು ವರ್ಷ ಕೇಳಿದ ಮಾತು ಇದು,
ಯಾವಾಗಲೂ ತಾಯಂದಿರ ಬಾಯಲ್ಲಿ,
ಹೈಸ್ಕೂಲು ಹುಡುಗಿಯ ಬೆನ್ನಿಗೆ ಕೈಯಿಟ್ಟು:
ಬೆಳೆಯೋ ಹುಡುಗಿ, ಬಟ್ಟೆ ಬಿಡಿ.
ಮೂವತ್ತಾರು ತುಂಬಿದವರು
ತಾವೇ ತಮ್ಮ ಬೆನ್ನಿಗೆ ಕೈಯಿಟ್ಟು ಹೇಳಿದ್ದು ಇದೇ ಮೊದಲು.
ಎರಡಿಂಚು ಬಿಡ್ತೀನಿ, ಅಂದೆ.

ರಾತ್ರಿ ಅಟ್ಟದಿಂದ ಅಪ್ಪನ ಅಳತೆ ಪುಸ್ತಕ ಇಳಿಸಿದೆ.
ಇಲಿ ಬಿಟ್ಟಷ್ಟು ಉಳಿದಿತ್ತು.
'ಬಸವಲಿಂಗಪ್ಪ, ಅರಸೀಕೆರೆ ಮೇಳ, ಸ್ತ್ರೀವೇಷ.
ಭುಜ ಹದಿನೇಳು.
ಕುಪ್ಪಸ: ಆಟಕ್ಕೆ ಒಂದು, ಜರಿ.
ಮನೆಗೆ ಒಂದು. ಬಿಳಿ ಮಲ್. ಅಂಚಿಲ್ಲ.'

ಮನೆಗೆ.

ಹೆಂಡತಿಗಿರಬೇಕೆಂದು ಹಾಳೆ ತಿರುವಿದೆ.
ಸಿದ್ದಗಂಗಮ್ಮನ ಅಳತೆ ಬೇರೆಯೇ ಇತ್ತು, ಭುಜ ಹದಿಮೂರು.
ಆಮೇಲೆ ಪ್ರತಿ ಯುಗಾದಿಯ ಆಸುಪಾಸು, ಹನ್ನೊಂದು ವರ್ಷ:
'ಬ., ಮನೆಗೆ ಒಂದು.'
ದುಡ್ಡಿನ ಕಾಲಮ್ಮಿನಲ್ಲಿ ಸ್ಕೇಲು ಇಟ್ಟು ಎಳೆದ ಒಂದು ಗೀಟು.
ಉದುರಿದ ಗುಂಡಿಯನ್ನೂ ಎಣಿಸಿ ಡಬ್ಬಿಗೆ ಹಾಕುತ್ತಿದ್ದ ಅಪ್ಪ,
ಸ್ವಂತ ಷಡ್ಡಕನ ಹತ್ತಿರವೂ ಮಜೂರಿ ಬಿಡದ ಅಪ್ಪ.

ಹಾಳೆಯ ಫೋಟೋ ಕಳಿಸಲೋ ಬೇಡವೋ ಎಂದು
ಎರಡು ದಿನ ಬರೀ ಕಾಜಾ ಹೊಲಿದೆ.
ಸತ್ತವರ ಗುಟ್ಟು, ನನ್ನದಲ್ಲ.
ಹಾಗಂತ ಇಲಿಯದೂ ಅಲ್ಲ.
ಕಳಿಸಿದೆ.

ನೋಡಿದ ಗುರುತು ಬಿತ್ತು. ಮಾತಿಲ್ಲ.
ಮಾರನೇ ದಿನ ಹನ್ನೊಂದು ಸೆಕೆಂಡಿನ ದನಿ:
ಪಾತ್ರೆ ಸದ್ದು, ಯಾರೋ ನಗುವುದು,
ಒಂದು ಬಾಗಿಲು ಹಾಕಿಕೊಳ್ಳುವುದು,
ಆಮೇಲೆ, 'ಅಂಚಿಲ್ಲದ್ದು ನಂಗೂ ಒಂದು.'

ದೊಡ್ಡ ಪೋಸ್ಟಾಫೀಸಿನ ಹುಡುಗ ಫಾರಂ ತುಂಬುತ್ತಾ ಕೇಳಿದ:
'ಒಳಗೇನು? ಲೇಡೀಸಾ, ಜೆಂಟ್ಸಾ?'
ಹತ್ತಿ, ಅಂದೆ.
'ಹತ್ತಿ ಅಂದ್ರೆ?'
ಹೊಲಿದ ಹತ್ತಿ. ಬರಿಯಪ್ಪ, ಹಿಂದೆ ಜನ ನಿಂತಿದ್ದಾರೆ.
ತೂಕ ಒಂದೂಮುಕ್ಕಾಲು ಕೇಜಿ,
ಅದರಲ್ಲಿ ಕಣ್ಣಿಗೆ ಬೀಳದ ಎರಡಿಂಚುಗಳೂ ಸೇರಿ.

ಅಂಗಡಿಗೆ ಬಂದು ಪುಸ್ತಕ ತೆಗೆದೆ.
ಎಂಟಕ್ಕೆ ದುಡ್ಡು ಬರೆದೆ.
ಒಂಬತ್ತನೆಯದಕ್ಕೆ
ಸ್ಕೇಲು ಎಲ್ಲಿಟ್ಟೆನೆಂದು ಹುಡುಕಿದೆ.