ಅಮ್ಮನ ಲೆಕ್ಕ

ನನ್ನ ಬೆಂಚಿನ ಎಡತುದಿಯಲ್ಲಿ ನನ್ನ ಅಮ್ಮ.
ಅದೇ ನೀಲಿ ಲಂಗ, ಅದೇ ಬಿಳಿ ಅಂಗಿ,
ಸೊಂಟದ ಎರಡೂ ಕಡೆ ಬಿಚ್ಚಿ ಹೊಲಿದದ್ದು.
ಹಾಜರಿಗೆ ಹುಡುಗರು ಕಾದು ಕೂರುತ್ತಿದ್ದರು:
"ಎನೆಲೇಸಿ ಮ್ಹಾಂಗೋ?"
"ಬಂದಿದ್ದೇನೆ, ಸಾರ್."
ಸಾರ್ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವರು.
ನಾನು ಕಿಟಕಿಯಾಚೆ ಸರೋವರ ನೋಡುತ್ತಿದ್ದೆ,
ಕುಂಗು ನೊಣಗಳ ಮೋಡ ಹೊಗೆಯ ಹಾಗೆ ಎದ್ದಿತ್ತು.
ಬಂದು ನಮ್ಮಿಬ್ಬರನ್ನೂ ಮುಚ್ಚಿಬಿಡಲಿ ಎಂದುಕೊಂಡೆ.

ಮೂರು ಸಲ ಕೂತಿದ್ದಳು, ಮೂರು ಸಲವೂ ಬಿದ್ದಿದ್ದಳು,
ಬೇರೆಲ್ಲ ದಾಟಿ, ಗಣಿತವೊಂದರಲ್ಲೇ.
ನಮ್ಮೂರ ಹೆಂಗಸರಿಗೆ ಬಾವಿಕಟ್ಟೆಯಲ್ಲಿ ಅದೇ ಮಾತು:
ಮೊಲೆ ಬಿಡಿಸಿದ ಮಗಳ ಜೊತೆ ಮಗ್ಗಿ ಕಲಿಯುವ ಹುಚ್ಚಿ.

ಹುಚ್ಚಿಗೆ ಒಂದು ದಿನದ ನೆನಪಿತ್ತು.
ಕೊಲ್ಲಿಯ ಆಚೆಗಿತ್ತು ಆಸ್ಪತ್ರೆ.
ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಮುಗಿದ ನನ್ನ ತಮ್ಮ,
ಹೊಕ್ಕುಳು ಕತ್ತರಿಸಲೂ ತಿಳಿದವರಿರಲಿಲ್ಲ.
"ಈ ದಡದಲ್ಲೊಬ್ಬ ಸೂಲಗಿತ್ತಿ ಬೇಕು,
ಸರ್ಕಾರದ ಕಾಗದ ಇರುವವಳು" ಎಂದಳಂತೆ ಆವತ್ತೇ.
ಕಾಗದಕ್ಕೆ ಗಣಿತ ಬೇಕಿತ್ತು.
"ಬೇಡವೇ ಮತ್ತೆ? ಮದ್ದಿನ ಹನಿ ತಪ್ಪಿದರೆ
ಯಾರ ಮಗು ಹೋಗುತ್ತೆ?"

ನಸುಕಿಗೆ ಮುಂಚೆ ಎದ್ದು ಉಸಿಪಾ ಮೀನು ಹರಡುವಳು,
ಕಾಗೆ ಓಡಿಸುವ ಕೋಲು ಒಂದು ಕೈಯಲ್ಲಿ,
ಇನ್ನೊಂದರಲ್ಲಿ ಪುಸ್ತಕ, ಪುಟಪುಟಕ್ಕೂ ಹುರುಪೆ.
ಬಾಗಿಲ ಹಿಂದೆ ಇದ್ದಿಲಿನಲ್ಲಿ ಸಮೀಕರಣ.
ಎಕ್ಸ್ ಸಿಗದ ರಾತ್ರಿ ಅದಕ್ಕೇ ಹೇಳುವಳು,
"ನಾಳೆ ಬರ್ತೀನಿ, ಇಲ್ಲೇ ಇರು."

ಪ್ರಾರ್ಥನೆ?
ಸಂತೆಯಲ್ಲಿ ಬೆಲೆ ಕಟ್ಟುವ ದನಿಯೇ ಅದಕ್ಕೂ.
"ಕರ್ತನೇ, ನನ್ನ ಪಾಲಿನದು ಇಷ್ಟು, ಎಣಿಸಿಕೋ.
ನಿನ್ನದೆಲ್ಲಿ?"
ಆಮೇಲೆ ಬಹಳ ಹೊತ್ತು ಸುಮ್ಮನೆ,
ಚಿಲ್ಲರೆಗೆ ಕಾದು ನಿಂತವಳ ಹಾಗೆ.
ಆಮೆನ್ ಎನ್ನುವುದನ್ನು ಎಷ್ಟೋ ದಿನ ಮರೆಯುವಳು.
ಮಾತು ಮುಗಿದಿರಲಿಲ್ಲವಲ್ಲ.

ಒಂದು ಭಾನುವಾರ ಸಭಾಪಾಲಕರು
ನೀರ ಮೇಲೆ ನಡೆಯಹೋದ ಬೆಸ್ತನ ಕಥೆ ಹೇಳಿದರು.
ಗಾಳಿ ನೋಡಿ ಹೆದರಿದ, ನಂಬಿಕೆ ಸಾಲದೆ ಮುಳುಗಿದ.
ಎಲ್ಲರೂ ತಲೆದೂಗಿದರು.
ಮನೆ ದಾರಿಯಲ್ಲಿ ಅಮ್ಮ ತಡೆಯಲಾರದೆ ಅಂದಳು:
"ಮುಳುಗಿದವನಿಗೇ ಗೊತ್ತು ಆ ಕೈ ಎಷ್ಟು ಗಟ್ಟಿ ಅಂತ.
ದೋಣಿಯಲ್ಲಿ ಕೂತವರಿಗೆ ಏನು ಗೊತ್ತು?"
ಅಂದು ಚಪ್ಪಲಿಯ ಮರಳು ಕೊಡವಿದಳು.

ಪರೀಕ್ಷೆಯ ದಿನ ಮ್ವೆರಾ ಗಾಳಿ ಎದ್ದಿತ್ತು.
ದೋಣಿಯವರು ಯಾರೂ ಬರಲೊಪ್ಪಲಿಲ್ಲ.
ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಎದೆಗೆ ಕಟ್ಟಿ
ತಾನೇ ಹುಟ್ಟು ಹಿಡಿದಳು.
ನಾನು ಅಲೆ ಎಣಿಸಿದೆ. ಅವಳು ನೋಡಿದ್ದು
ಆಚೆ ದಡದ ಶಾಲೆಯ ತಗಡಿನ ಮಾಡು, ಅದೊಂದೇ.
ಅರ್ಧದಲ್ಲಿ, ತಮ್ಮ ಮುಗಿದ ಕಡೆಯೇ ಇರಬೇಕು,
ಒಂದು ಗಳಿಗೆ ಹುಟ್ಟು ನಿಂತಿತು.
ಮತ್ತೆ ನೀರಿಗಿಳಿಯಿತು.

ಫಲಿತಾಂಶ ಅಂಚೆಕಚೇರಿಯ ಗೋಡೆಗೆ ಅಂಟಿತ್ತು.
ನನಗೆ ಗಣಿತದಲ್ಲಿ ತೊಂಬತ್ತೊಂದು.
ಅವಳಿಗೆ ಮೂವತ್ತೆಂಟು. ಬೇಕಿದ್ದದ್ದು ನಲವತ್ತು.
ನಾನು ಅತ್ತೆ. ಅವಳು ಬೆರಳು ಮಡಿಸಿದಳು:
"ಹನ್ನೊಂದು, ಹತ್ತೊಂಬತ್ತು, ಇಪ್ಪತ್ತಾರು, ಮೂವತ್ತೆಂಟು.
ಜಾಣೆಯಲ್ಲವೇ ನೀನು, ತಮಂದಾನಿ,
ಹೇಳು ನೋಡೋಣ, ಮುಂದಿನ ಸಂಖ್ಯೆ ಯಾವುದು?"

ತೊಂಬತ್ತೊಂದು ಪಡೆದ ನಾನು ಸೂತ್ರ ಹುಡುಕುತ್ತ ನಿಂತೆ.
ಮನೆಗೆ ಬರುವಷ್ಟರಲ್ಲಿ ಅವಳು ಮೀನು ತಿರುವುತ್ತಿದ್ದಳು,
ಬಾಯಲ್ಲಿ ಏನೋ ಮಣಮಣ,
ಮಗ್ಗಿಯೋ, ಮುಗಿಯದ ಆ ಜಗಳವೋ.
ಒಲೆಯಿಂದ ಒಂದು ಇದ್ದಿಲು ಆರಿಸಿಕೊಂಡೆ.
ಬಾಗಿಲ ಹಿಂದೆ ಜಾಗವೇ ಉಳಿದಿರಲಿಲ್ಲ.
ಹೊರಗೋಡೆಗೆ ಬಂದೆ,
ಬಾವಿಕಟ್ಟೆಗೆ ನೇರ ಕಾಣುವ ಕಡೆ,
ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದೆ
ಮೊದಲ ಲೆಕ್ಕ.