ಹಲ್ಲು ಯಾವ ಕಡೆ

ಇಬ್ರಿ ದಾಟಿ, ಟಾರು ಮುಗಿದ ಮೇಲೂ ಒಂದು ಗಂಟೆ.
ಶಾಲೆಯ ಗೋಡೆಗೆ ಚಾರ್ಟು, ಆರು ಮೀಟರಿಗೆ ಟೇಪಿನ ಗೆರೆ.
ಮೂರು ಹಲ್ಲಿನ ಬಾಚಣಿಗೆಗಳು ಸಾಲುಸಾಲು:
ಹಲ್ಲು ಯಾವ ಕಡೆ, ಹೇಳು.
ನನಗೆ ಬರುವ ಅರಬ್ಬಿ ನಾಲ್ಕೇ ಮಾತು,
ಫೌಕ್, ತಹತ್, ಯಮೀನ್, ಯಸಾರ್.
ದಿಕ್ಕಿಗೆ ಅಷ್ಟು ಸಾಕು.

ರಯ್ಯಾ ಸರಸರ ಹೇಳಿದಳು, ಕೊನೆಯ ಸಾಲೂ ತಪ್ಪಿಲ್ಲ.
ಕಣ್ಣು ಮಾತ್ರ ಚಾರ್ಟಿನ ಪಕ್ಕದ ಕಿಟಕಿಯ ಮೇಲೆ.
ಸರದಿಯಲ್ಲಿ ನಿಂತೇ ಮುಂದಿನವರದ್ದೆಲ್ಲ ಕೇಳಿ ಬಾಯಿಪಾಠ!
ಚಾರ್ಟನ್ನು ತಲೆಕೆಳಗು ಮಾಡಿದೆ.
ಅವಳು ಮತ್ತೆ ಅದೇ ಪಾಠ ಒಪ್ಪಿಸಿದಳು.

ಕೋಣೆಯೆಲ್ಲ ನಗು. ನನಗೆ ಬರಲಿಲ್ಲ:
ಶಿರ್ವದ ಶಾಲೆಯಲ್ಲಿ ನಾನೂ ಬೋರ್ಡನ್ನು
ಪಕ್ಕದ ಜೆಸಿಂತಾಳ ಪಟ್ಟಿಯಿಂದಲೇ ಓದಿದವಳು,
ಮೂರು ವರ್ಷ.

ಪೆಟ್ಟಿಗೆಯ ಗಾಜು ಒಂದೊಂದೇ ಬದಲಿಸಿದೆ.
ಮೈನಸ್ ನಾಲ್ಕಕ್ಕೆ ಅವಳ ಪಾಠ ನಿಂತಿತು.
ಬಾಗಿಲಾಚೆ ನೋಡಿದಳು: ಗುಡ್ಡ, ನೀರಿನ ಟ್ಯಾಂಕು,
ಅದರ ನೆರಳಲ್ಲಿ ಒಂದು ಮೇಕೆ.
ಆಮೇಲೆ ಗೆಳತಿಯರತ್ತ ತಿರುಗಿ
ಏನೋ ಕೇಳಿದಳು, ಸಿಟ್ಟಿನಿಂದ.

ಟೀಚರು ನನಗೆ ಬಿಡಿಸಿ ಹೇಳಿದರು:
"ನಿಮಗೆಲ್ಲ ಯಾವಾಗಲೂ ಹೀಗೇ ಕಾಣುತ್ತಿತ್ತೇ?
ಒಬ್ಬಳಾದರೂ ಹೇಳಬಾರದಿತ್ತೇ?"